ಎಡಗಣ್ಣಿಗೊಂದು, ಬಲಗಣ್ಣಿಗೊಂದು

ವಾಹನ ಓಡಿಸುವವರಿಗೆ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ನಾನು ಕಣ್ಣು ಪರೀಕ್ಷೆಯ ಗುಮಾಸ್ತ. ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಲೈಸೆನ್ಸ್ ಬೇಕೆಂದರೆ ನನ್ನೆದುರಿನ ಹಳದಿ ಗೆರೆಯ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು ನಿಲ್ಲಲೇಬೇಕು. ಹನ್ನೊಂದು ವರ್ಷಗಳಿಂದ ಊರಿನ ಗಣ್ಯರನ್ನೆಲ್ಲ ನಾನು ಒಕ್ಕಣ್ಣರಾಗಿಯೇ ನೋಡಿದ್ದೇನೆ. ಇದರಿಂದ ನನಗೆ ಸ್ವಲ್ಪ ಜಂಬ ಬಂದಿದೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ತೊಂದರೆ ಇದ್ದದ್ದು ಗೋಡೆಯ ಮೇಲಿನ ಅಕ್ಷರಪಟದ್ದು. ಅದು ನನಗಿಂತ ಮೊದಲೇ ಕೆಲಸಕ್ಕೆ ಸೇರಿದ್ದು. ಅದರ ಆರೂ ಸಾಲುಗಳು ಊರಿಗೆಲ್ಲ ಬಾಯಿಪಾಠವಾಗಿದ್ದವು. ಸಾಲಿನಲ್ಲಿ ನಿಂತವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು, ಅವರು ಅವರ ಹಿಂದಿನವರಿಗೆ. ಒಮ್ಮೆ ಧೂಳು ಹೊಡೆಯಲೆಂದು ಪಟವನ್ನು ಕೆಳಗಿಳಿಸಿದ್ದೆವು. ಆಗ ಬಂದ ಲಾರಿ ಚಾಲಕನೊಬ್ಬ ಬರಿಗೋಡೆಯನ್ನು ದಿಟ್ಟಿಸಿ ಐದನೆಯ ಸಾಲಿನವರೆಗೆ ಒಂದಕ್ಷರ ತಪ್ಪಿಲ್ಲದೆ ಓದಿದ. ಆರನೆಯ ಸಾಲು ಸ್ವಲ್ಪ ಮಂಜು ಮಂಜಾಗಿದೆ ಎಂದ.

ಅಂದೇ ನಾನು ಮೇಲಿನವರಿಗೆ ಪತ್ರ ಬರೆದೆ. ಪ್ರತಿಸಲವೂ ಅಕ್ಷರಗಳನ್ನು ಅದಲುಬದಲು ಮಾಡಿ ತೋರಿಸುವ ಒಂದು ಲ್ಯಾಪ್‌ಟಾಪ್, ಅದಕ್ಕೆ ಜೋಡಿಸಲು ಎರಡು ದೊಡ್ಡ ಮಾನಿಟರ್ ಬೇಕು ಎಂದು ಕೇಳಿದೆ.

ಪತ್ರಕ್ಕೆ ಸಹಿ ಹಾಕುವ ಮುಂಚೆ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಎರಡು ಯಾಕ್ರೀ?"

"ಮನುಷ್ಯನಿಗೆ ಕಣ್ಣೆಷ್ಟು ಸರ್? ಎಡಗಣ್ಣಿಗೊಂದು, ಬಲಗಣ್ಣಿಗೊಂದು."

ಸಾಹೇಬರು ಕನ್ನಡಕ ತೆಗೆದು ಒಂದು ಸಲ ಕಣ್ಣುಜ್ಜಿಕೊಂಡರು. ಆಮೇಲೆ ಸಹಿ ಹಾಕಿದರು.

ಸಾಮಾನು ಬಂದಾಗ ಜೋಡಿಸಿಕೊಡಲು ಒಬ್ಬ ಮೆಕ್ಯಾನಿಕ್ ಕೂಡ ಬಂದಿದ್ದ. ಅವನನ್ನು ನಾನು ಟೀ ಕುಡಿಸಿ ಬಾಗಿಲಿಂದಲೇ ಕಳಿಸಿದೆ. ಒಂದು ಕೇಬಲನ್ನು ಎರಡಾಗಿ ಸೀಳುವ ಪುಟ್ಟ ಡಬ್ಬಿಯೊಂದು ಮನೆಯ ಟೀವಿಯ ಹಿಂದೆ ಬಿದ್ದಿತ್ತು. ಅದನ್ನು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎರಡು ಬಾಲಗಳನ್ನು ಎರಡು ಮಾನಿಟರಿಗೆ ಚುಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಏನಿದೆಯೋ ಅದೇ ಗೋಡೆಯ ಮೇಲೆ ಎರಡೂ ಕಡೆ ಮೂಡಿತು. ಮಾನಿಟರುಗಳು ನನ್ನ ಬೆನ್ನಿನ ಹಿಂದೆ, ತಲೆಗಿಂತ ಮೇಲೆ. ನನ್ನ ಮುಂದೆ ಲ್ಯಾಪ್‌ಟಾಪ್. ಅದರಾಚೆ ಹಳದಿ ಗೆರೆ, ಗೆರೆಯಾಚೆ ಪ್ರಜೆ. ಅವನು ಹೇಳಿದ್ದನ್ನು ಲ್ಯಾಪ್‌ಟಾಪಿನಲ್ಲಿ ನೋಡಿಕೊಂಡು "ಸರಿ" ಅಥವಾ "ತಪ್ಪು" ಅನ್ನುವುದಷ್ಟೇ ನನ್ನ ಕೆಲಸ. ಕುತ್ತಿಗೆ ತಿರುಗಿಸುವ ಅಗತ್ಯವೇ ಇಲ್ಲದ ಏರ್ಪಾಡು ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಉದ್ಘಾಟನೆಗೆ ಸಾಹೇಬರು ಗೆರೆಯ ಹಿಂದೆ ನಿಂತರು. ಕಚೇರಿಯವರೆಲ್ಲ ಅವರ ಹಿಂದೆ ನಿಂತರು. ಸಾಹೇಬರು ಪರದೆಗಳನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಬಹಳ ಸ್ಪಷ್ಟವಾಗಿದೆ," ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಒಂದು ಸಲ ತಿರುಗಿ ನೋಡಿದೆ. ಅಕ್ಷರಗಳ ಅಂಚು ಯಾಕೋ ನೀರಿನಲ್ಲಿ ನೆನೆದ ಹಾಗೆ ಕಂಡಿತು. ಆದರೆ ಸಾಹೇಬರೇ ಸ್ಪಷ್ಟ ಅಂದ ಮೇಲೆ ಗುಮಾಸ್ತನ ಕಣ್ಣಿಗೆ ಬೇರೆ ಅಭಿಪ್ರಾಯ ಇರಬಾರದು. ಮರುವಾರ ಸಾಹೇಬರು ಎರಡು ವಾರ ರಜೆ ಹಾಕಿದರು. ಕಾರಣ ಹೇಳಲಿಲ್ಲ. ದೊಡ್ಡವರ ರಜೆಗೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲನೆಯ ದಿನ ಹನ್ನೆರಡು ಜನರಲ್ಲಿ ಒಂಬತ್ತು ಜನ ನಪಾಸಾದರು. ಎರಡನೆಯ ದಿನ ಹದಿನಾಲ್ಕರಲ್ಲಿ ಹನ್ನೊಂದು. "ಪ" ಅಂದರೆ "ವ" ಅನ್ನುತ್ತಾರೆ, "ಥ" ಅಂದರೆ "ದ" ಅನ್ನುತ್ತಾರೆ, "ಠ" ಕಂಡರೆ "ಇದು ಬೊಟ್ಟೋ ಕೊಳೆಯೋ ಸ್ವಾಮಿ?" ಎಂದು ನನ್ನನ್ನೇ ಕೇಳುತ್ತಾರೆ. ನಾನು ಲ್ಯಾಪ್‌ಟಾಪ್ ನೋಡುತ್ತೇನೆ, ಅಕ್ಷರ ಮುತ್ತಿನ ಹಾಗಿದೆ. ಇಷ್ಟು ವರ್ಷ ಬಾಯಿಪಾಠದ ಬಲದಿಂದ ರಸ್ತೆ ತುಂಬ ಕುರುಡರು ಓಡಾಡುತ್ತಿದ್ದರಲ್ಲ ಎಂದುಕೊಂಡೆ. ಕಚೇರಿಯಲ್ಲಿ ನನಗೆ ಹೊಸ ಮರ್ಯಾದೆ ಬಂತು. ಜವಾನ ನನಗಾಗಿ ಬಾಗಿಲು ತೆಗೆಯತೊಡಗಿದ.

ಪಾಸಾಗುತ್ತಿದ್ದವರು ಇನ್ನೂ ವಿಚಿತ್ರ. ಅಚ್ಚುಕೂಟದಿಂದ ನಿವೃತ್ತರಾದ ಮುದುಕರೊಬ್ಬರು ಬಂದರು. ಸೋಡಾಬುಡ್ಡಿ ಕನ್ನಡಕವನ್ನು ಮನೆಯಲ್ಲೇ ಮರೆತು, ಬಾಗಿಲೆಂದುಕೊಂಡು ಮೊದಲು ಬೀರುವನ್ನು ತಳ್ಳಿದರು. ಗೆರೆಯ ಹಿಂದೆ ನಿಂತು ಐದು ಸಾಲುಗಳನ್ನು ಸರಸರನೆ ಓದಿದರು.

"ಹೇಗೆ ಸಾಧ್ಯ ಆಯ್ತು ಯಜಮಾನರೇ?" ಎಂದೆ.

"ಐವತ್ತು ವರ್ಷದಿಂದ ನನಗೆ ಪ್ರಪಂಚಾನೇ ಹೀಗೆ ಕಾಣೋದು ಸ್ವಾಮಿ. ಅಭ್ಯಾಸ ಆಗಿಬಿಟ್ಟಿದೆ."

ನನಗೆ ಅದು ವಿನಯದ ಮಾತಾಗಿ ಕೇಳಿಸಿತು. ಸಾಲಿನಲ್ಲಿದ್ದ ನಪಾಸು ತರುಣರನ್ನು ಕರೆದು, ಹಿರಿಯರನ್ನು ನೋಡಿ ಕಲಿಯಿರಿ ಎಂದು ಬುದ್ಧಿ ಹೇಳಿದೆ.

ಮೂರನೆಯ ವಾರ ನನ್ನ ಭಾಮೈದನ ಸರದಿ ಬಂತು. ಭಾಮೈದ ಎಂದರೆ ನನ್ನ ಹೆಂಡತಿಯ ತಮ್ಮ, ನಮ್ಮ ಬೀದಿಯಲ್ಲೇ ಮನೆ, ಶಾಲೆಯ ಬಸ್ಸು ಓಡಿಸುತ್ತಾನೆ. ಕಣ್ಣು ಎಂದರೆ ಅವನದು. ನಮ್ಮ ಮಹಡಿಯ ಮೇಲೆ ನಿಂತು, ತಿರುವಿನಲ್ಲಿ ಬರುವ ಬಸ್ಸು ನಮಗೆ ಕಾಣುವ ಮುಂಚೆ ಅದರ ನಂಬರ್ ಹೇಳುತ್ತಾನೆ. ಅವನ ಲೈಸೆನ್ಸಿನ ಅವಧಿ ಆ ಶನಿವಾರಕ್ಕೆ ಮುಗಿಯುತ್ತಿತ್ತು. ಮಂಗಳವಾರ ತಿಂಡಿ ಬಡಿಸುತ್ತಾ ನನ್ನವಳು, "ಇವತ್ತು ತಮ್ಮ ಬರ್ತಾನೆ ರೀ, ಬೇಗ ಮುಗಿಸಿ ಕಳ್ಸಿ, ಎರಡು ಗಂಟೆಗೆ ಮಕ್ಕಳನ್ನ ಬಿಡೋಕೆ ಹೋಗ್ಬೇಕು" ಎಂದಳು. ಎರಡೇ ನಿಮಿಷದ ಕೆಲಸ ಎಂದು ನಾನು ಮಾತು ಕೊಟ್ಟೆ.

ಭಾಮೈದ ಗೆರೆಯ ಹಿಂದೆ ನಿಂತ. ಎಡಗಣ್ಣು ಮುಚ್ಚಿದ. ಪರದೆ ನೋಡಿದ. ಕತ್ತು ಓರೆ ಮಾಡಿ ಮತ್ತೆ ನೋಡಿದ.

"ಓದಪ್ಪಾ," ಎಂದೆ.

"ಭಾವ, ಇದು ಅಕ್ಷರ ಅಲ್ಲ."

"ಮತ್ತೇನು?"

"ಅಂಚಿನಲ್ಲೆಲ್ಲ ಸಣ್ಣ ಸಣ್ಣ ಮೆಟ್ಟಿಲಿದೆ. ಮೊದಲನೇದಕ್ಕೆ ಎಡಗಡೆ ಏಳು ಮೆಟ್ಟಿಲು, ಬಲಗಡೆ ಒಂಬತ್ತು. ಮೇಲೊಂದು ಬೂದಿ ಬಣ್ಣದ ನೆರಳಿದೆ."

"ಮೆಟ್ಟಿಲು ಎಣಿಸು ಅಂತ ಯಾರು ಹೇಳಿದ್ರು? ಅಕ್ಷರ ಯಾವುದು ಹೇಳು."

"ದ ಇರಬಹುದು, ಧ ಇರಬಹುದು, ಥ ಇರಬಹುದು. ಕಾಣದೇ ಇರೋದನ್ನ ಕಾಣ್ತು ಅಂತ ಹೇಗೆ ಹೇಳ್ಲಿ ಭಾವ?"

ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ಸ್ವಂತ ಭಾಮೈದನನ್ನು ಇವನೇನು ಮಾಡುತ್ತಾನೆ ಎಂಬುದು ಅವರೆಲ್ಲರ ಮುಖದಲ್ಲೂ ಬರೆದಿತ್ತು. ನಾನು ಎದೆ ಸೆಟೆಸಿ ಮೊಹರು ಎತ್ತಿ ಅವನ ಅರ್ಜಿಯ ಮೇಲೆ "ನಪಾಸು" ಎಂದು ಗುದ್ದಿದೆ. ನಪಾಸಾದವರು ಕನ್ನಡಕ ಹಾಕಿಸಿಕೊಂಡು ಬಂದರೆ ಮತ್ತೆ ನೋಡುತ್ತೇವೆ, ಇಲ್ಲದಿದ್ದರೆ ಒಂದು ತಿಂಗಳು ಮರುಪರೀಕ್ಷೆಯಿಲ್ಲ. ತಪ್ಪು ಕಚೇರಿಯದೇ ಎಂದು ಸಾಹೇಬರು ಬರೆದು ಸಹಿ ಹಾಕಿದರೆ ಮಾತ್ರ ಉಂಟು. ಹಿಂದಿನಿಂದ ಯಾರೋ "ಮನುಷ್ಯ ಅಂದ್ರೆ ಹೀಗಿರ್ಬೇಕು" ಅಂದರು. ನನ್ನ ಕಿವಿ ತಂಪಾಯಿತು.

ಸಂಜೆ ಮನೆಗೆ ಹೋದಾಗ ಆ ಮಾತು ಅಲ್ಲಿಗೆ ತಲುಪಿರಲಿಲ್ಲ, ಮೊಹರಿನ ಸುದ್ದಿ ಮಾತ್ರ ತಲುಪಿತ್ತು. ನನ್ನವಳ ಮುಖ ಗಂಟು ಹಾಕಿಕೊಂಡಿತ್ತು.

"ಬಸ್ಸಿನ ಮಾಲೀಕರು ಹೇಳಿದಾರೆ. ಶನಿವಾರ ಸಂಜೆಯೊಳಗೆ ಲೈಸೆನ್ಸ್ ತೋರಿಸ್ಲಿಲ್ಲ ಅಂದ್ರೆ ಸೋಮವಾರದಿಂದ ಬೇರೆ ಡ್ರೈವರ್."

"ನಿಯಮ ಅಂತ ಒಂದಿರತ್ತಲ್ಲ..."

"ನಿಮ್ಮ ನಿಯಮಕ್ಕೇ ಹೇಳಿ, ಊಟ ಬಡಿಸತ್ತೆ."

ಅವಳು ಹೇಳಿದ ಹಾಗೇ ನಡೆದುಕೊಂಡಳು. ಬುಧವಾರ, ಗುರುವಾರ ನಾನೇ ಪಾತ್ರೆ ಹುಡುಕಿಕೊಂಡು ಬಡಿಸಿಕೊಂಡೆ. ಆದರೆ ನಿಜವಾಗಿ ನನ್ನನ್ನು ಕಾಡಿದ್ದು ಭಾಮೈದ. ಕಣ್ಣು ಕಾಣುವುದಿಲ್ಲ ಎಂದು ಸರ್ಕಾರವೇ ಮೊಹರು ಒತ್ತಿದ ಮೇಲೆ ಅವನು ನಂಬಿಬಿಟ್ಟಿದ್ದ. ಗೋಡೆ ಹಿಡಿದುಕೊಂಡು ನಡೆಯತೊಡಗಿದ. ರಸ್ತೆ ದಾಟುವ ಮುಂಚೆ ಯಾರಾದರೂ ಬರಲಿ ಎಂದು ಕಾಯುತ್ತಿದ್ದ. ಪಕ್ಕದ ಮನೆಯಾಕೆ ಅವನ ಕೈ ಹಿಡಿದು ಚರಂಡಿ ದಾಟಿಸುತ್ತಾ, "ಇಷ್ಟು ವಯಸ್ಸಿಗೇ ಹೀಗಾಗಬಾರದಿತ್ತು, ಮೆಟ್ಟಿಲು ಇದೆ ನೋಡಪ್ಪ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು. "ಇದೆ ಅಂತ ಕಾಣ್ತಿದೆ ಅಕ್ಕ, ಆದ್ರೆ ಕಾಣೋದನ್ನ ನಂಬಬಹುದಾ ಅಂತ ಗೊತ್ತಾಗ್ತಿಲ್ಲ" ಎಂದ ಅವನು. ಕಿಟಕಿಯಿಂದ ಅದನ್ನು ಕೇಳಿ ನನಗೆ ಬಹಳ ಸಂಕಟವಾಯಿತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಎದುರು ರಸ್ತೆಯ ಕನ್ನಡಕದ ಅಂಗಡಿಯವನು ಕಚೇರಿಯೊಳಗೆ ನುಗ್ಗಿದ. ಒಂದು ಕೈಯಲ್ಲಿ ಸುರುಳಿ ಸುತ್ತಿದ ಕಾಗದ, ಇನ್ನೊಂದು ಕೈಯಲ್ಲಿ ನನ್ನ ಭಾಮೈದ.

"ಏನ್ ಸ್ವಾಮಿ, ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ!"

"ನಾನು? ದಿನಾ ಹತ್ತು ಗಿರಾಕಿ ಕಳಿಸ್ತಿದೀನಲ್ರೀ ನಿಮಗೆ!"

"ಕಳಿಸ್ತೀರಿ. ಕನ್ನಡಕ ಹಾಕ್ಕೊಂಡು ಬಂದ ಮೇಲೆ ಮತ್ತೆ ನಪಾಸ್ ಮಾಡ್ತೀರಿ. ಅವರು ವಾಪಸ್ ಬಂದು ನಿನ್ನ ಗಾಜು ಕಳಪೆ ಅಂತ ನನ್ನ ಕೊರಳಪಟ್ಟಿ ಹಿಡೀತಾರೆ. ಮೂವತ್ತು ವರ್ಷದ ಅಂಗಡಿ ನಂದು! ಇವರನ್ನ ನೋಡಿ, ಇವರಕ್ಕ ನಿನ್ನೆ ಎಳ್ಕೊಂಡು ಬಂದು ಎಷ್ಟು ದಪ್ಪದ್ದಾದ್ರೂ ಸರಿ, ಕನ್ನಡಕ ಕೊಡಿ ಅಂತ ಹಠ ಹಿಡಿದ್ರು. ಇವರ ಕಣ್ಣಿಗೆ ಕೊಡೋಕೆ ನನ್ನ ಹತ್ರ ಗಾಜೇ ಇಲ್ಲ. ಅಷ್ಟು ಚೆನ್ನಾಗಿದೆ. ಅಂದಿದ್ದಕ್ಕೆ ನನ್ನನ್ನೇ ಬೈದು ಹೋದ್ರು."

ಅವನು ಸುರುಳಿ ಬಿಚ್ಚಿದ. ಅಂಗಡಿಯಲ್ಲಿ ತೂಗುಹಾಕುವ ಅಕ್ಷರಪಟ. ಅದನ್ನು ಎರಡು ಮಾನಿಟರುಗಳ ನಡುವೆ ಮೊಳೆಗೆ ಸಿಕ್ಕಿಸಿ, ಭಾಮೈದನನ್ನು ಗೆರೆಯ ಹಿಂದೆ ನಿಲ್ಲಿಸಿದ. ಭಾಮೈದ ಕೊನೆಯ ಸಾಲಿನವರೆಗೆ ಓದಿ, ಕಾಗದದ ಮೂಲೆಯಲ್ಲಿದ್ದ ಅಚ್ಚುಕೂಟದ ವಿಳಾಸವನ್ನೂ ಓದಿದ.

"ಬಾಯಿಪಾಠ ಮಾಡಿಸಿರ್ತೀರಿ," ಎಂದೆ. ಕಚೇರಿಯ ಮಾನ ಸುಲಭವಾಗಿ ಬಿಡುವವನಲ್ಲ ನಾನು.

"ಹಾಗಾದ್ರೆ ನೀವೇ ಬನ್ನಿ ಈ ಕಡೆ. ಬನ್ನಿ, ನಿಲ್ಲಿ."

ಹಳದಿ ಗೆರೆಯ ಆ ಕಡೆಗೆ ನಾನು ಹನ್ನೊಂದು ವರ್ಷದಲ್ಲಿ ನಿಂತಿರಲಿಲ್ಲ. ಹೋಗಿ ನಿಂತು, ಶಿಸ್ತಾಗಿ ಒಂದು ಕಣ್ಣು ಮುಚ್ಚಿ ಪರದೆ ನೋಡಿದೆ. ಎಡಗಡೆಯ ಪರದೆಯಲ್ಲಿ ಮಸಿ ಕಲಸಿದ ಹಾಗಿತ್ತು, ಬಲಗಡೆಯದರಲ್ಲೂ ಅದೇ. ಇನ್ನೊಂದು ಕಣ್ಣು ಮುಚ್ಚಿದೆ. ವ್ಯತ್ಯಾಸವಿಲ್ಲ. ನನ್ನ ಕಥೆಯೂ ಮುಗಿಯಿತು ಎಂದುಕೊಂಡು ನಡುವಿನ ಕಾಗದಕ್ಕೆ ಕಣ್ಣು ಹಾಯಿಸಿದರೆ, ಅಲ್ಲಿ ಒಂದೊಂದಕ್ಷರವೂ ಕೈಗೆ ಸಿಗುವಂತಿತ್ತು. ಆಗ ನನಗೆ ಅರ್ಥವಾಯಿತು. ಅರ್ಥವಾದದ್ದನ್ನು ತಕ್ಷಣ ಒಪ್ಪಿಕೊಳ್ಳಲಿಲ್ಲ.

"ಧೂಳು ಕೂತಿದೆ ಅಷ್ಟೇ," ಎಂದು ಒದ್ದೆ ಬಟ್ಟೆ ತರಿಸಿ ಎರಡೂ ಮಾನಿಟರುಗಳ ಮುಖ ತೊಳೆದೆ. ಮಸುಕು ಇನ್ನಷ್ಟು ಚೊಕ್ಕಟವಾಗಿ ಕಂಡಿತು. ಬೆಳಕು ಹೆಚ್ಚಿಸಿದೆ, ಅಕ್ಷರಗಳು ಬಿಳಿಚಿಕೊಂಡವು. ಕೇಬಲುಗಳನ್ನು ಕಿತ್ತು ಊದಿ ಮತ್ತೆ ಚುಚ್ಚಿದೆ. ಅಕ್ಷರ ದೊಡ್ಡದು ಮಾಡಿದರೆ ಸರಿಹೋದೀತೆಂದು ಗುಂಡಿ ಒತ್ತುತ್ತಾ ಹೋದೆ. ಒಂದೇ ಒಂದು "ಠ" ಗೋಡೆಯಗಲ ಬೆಳೆದು ನಿಂತಿತು.

"ಈಗ?" ಎಂದೆ ಭಾಮೈದನನ್ನು.

"ಈಗ ಮೆಟ್ಟಿಲು ಚೆನ್ನಾಗಿ ಕಾಣ್ತಿದೆ ಭಾವ," ಎಂದ ಅವನು ಪ್ರಾಮಾಣಿಕವಾಗಿ.

ಅಷ್ಟರಲ್ಲಿ ಗಡಿಯಾರ ಹನ್ನೊಂದು ಹೊಡೆಯಿತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ದಿನಾ ಬರುವ ಪುಟ್ಟ ಚೌಕ ಮೂಡಿತು. ನಾನು ಅಭ್ಯಾಸಬಲದಿಂದ "ಬೇಡ" ಎಂದು ಒತ್ತಿದೆ.

"ಏನದು?" ಎಂದ ಅಂಗಡಿಯವನು.

"ಅದಾ? ಹೊರಗಿನ ಪರದೆಯಲ್ಲಿ ಚಿತ್ರ ಮಸುಕಾಗಿರಬಹುದು, ಸರಿಪಡಿಸಲೇ ಅಂತ ದಿನಾ ಕೇಳತ್ತೆ. ನಾನು ಇಲ್ಲಿ ನೋಡ್ತೀನಿ, ಚೆನ್ನಾಗೇ ಇರತ್ತೆ. ಬೇಡ ಅಂತೀನಿ."

ಅಂಗಡಿಯವನು ಹಣೆ ಚಚ್ಚಿಕೊಂಡ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತ. ಅವನ ಅಂಗಡಿಯಲ್ಲೂ ಇಂಥದೊಂದಿತ್ತಂತೆ. ಸೆಟ್ಟಿಂಗ್ ತೆರೆದು ತೋರಿಸಿದ. ಪುಟ್ಟ ಲ್ಯಾಪ್‌ಟಾಪಿನ ಚಿತ್ರವನ್ನೇ ಎಳೆದು ಎಳೆದು ಅಷ್ಟು ದೊಡ್ಡ ಪರದೆಗೆ ಹೊದಿಸಲಾಗಿತ್ತು. ಎಲ್ಲ ಪರದೆಗೂ ಒಂದೇ ಅಳತೆ ಎಂದು ಇದ್ದದ್ದನ್ನು ಬೇರೆ ಬೇರೆ ಅಳತೆ ಎಂದು ಬದಲಾಯಿಸಿದ. ರೆಸಲ್ಯೂಷನ್ ಎಂಬಲ್ಲಿ ಮಾನಿಟರಿಗೆ ಒಪ್ಪುವ ಅಳತೆ ಇದು ಎಂದು ಯಂತ್ರವೇ ಗುರುತು ಹಾಕಿ ಇಟ್ಟಿತ್ತು, ಅದರ ಮೇಲೆ ಒಂದು ಸಲ ಒತ್ತಿದ. ಎರಡೂ ಪರದೆಗಳು ಒಂದು ಕ್ಷಣ ಕಪ್ಪಾಗಿ ಹೊತ್ತಿಕೊಂಡವು. "ಷ"ದ ಹೊಟ್ಟೆಯ ಗೆರೆ ಬಾಗಿಲ ಹೊರಗಿನ ಬೆಂಚಿನವರೆಗೆ ಕಾಣಿಸಿತು. ಇಡೀ ಕೆಲಸಕ್ಕೆ ಅರ್ಧ ನಿಮಿಷ ಹಿಡಿದಿರಲಿಲ್ಲ.

"ಇನ್ನು ಇವರನ್ನ ಪಾಸ್ ಮಾಡಿ," ಎಂದ.

ಮಾಡುವಂತಿರಲಿಲ್ಲ. ಮೊಹರು ಬಿದ್ದಾಗಿತ್ತು. ಸಾಹೇಬರ ಸಹಿ ಬೇಕಿತ್ತು. ಅವರು ಬರುವುದು ಶನಿವಾರ. ಆ ದಿನವಿಡೀ ನಾನು ಪರೀಕ್ಷೆ ನಿಲ್ಲಿಸಿ ಒಂದು ಪತ್ರ ಬರೆದೆ. ಪರದೆಯ ಮಸುಕಿನಿಂದಾಗಿ ಇಷ್ಟು ಜನ ಚೆನ್ನಾಗಿ ಕಾಣುವವರು ನಪಾಸಾಗಿದ್ದಾರೆ, ಇಷ್ಟು ಜನ ಕಾಣದವರು ಪಾಸಾಗಿದ್ದಾರೆ, ಎಲ್ಲರನ್ನೂ ಮತ್ತೆ ಕರೆಸಬೇಕು, ತಪ್ಪು ನನ್ನದು. ಕೊನೆಯ ಎರಡು ಪದಗಳಿಗೆ ಮೂರು ಹಾಳೆ ಹರಿದೆ.

ಶನಿವಾರ ಬೆಳಿಗ್ಗೆ ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ನೇರವಾಗಿ ಪರೀಕ್ಷೆಯ ಕೋಣೆಗೇ ಬಂದು ಗೆರೆಯ ಹಿಂದೆ ನಿಂತು, ಕನ್ನಡಕ ತೆಗೆದು ಪರದೆ ನೋಡಿದರು. ಅವರ ಮುಖ ಅರಳಿತು.

"ಆಹಾ! ಒಂದೊಂದಕ್ಷರವೂ ಕಾಣ್ತಿದೆ ಕಣ್ರೀ! ಆಪರೇಷನ್ ಸಾರ್ಥಕ ಆಯ್ತು!"

"ಆಪರೇಷನ್ನಾ ಸರ್?"

"ಯಾರಿಗೂ ಹೇಳಿರ್ಲಿಲ್ಲ. ಪೊರೆ. ಉದ್ಘಾಟನೆ ದಿನಾನೇ ನನಗೆ ಗೊತ್ತಾಗಿಬಿಡ್ತು. ಡಾಕ್ಟರು ಇನ್ನೂ ಎರಡು ವರ್ಷ ಕಾಯಬಹುದು ಅಂದ್ರು, ನಾನೇ ಹಠ ಮಾಡಿ ಬಲಗಣ್ಣು ಮಾಡಿಸ್ಕೊಂಡೆ. ಬುಧವಾರ ಎಡಗಣ್ಣು."

ನನ್ನ ಜೇಬಿನಲ್ಲಿದ್ದ ಪತ್ರ ಬೆಂಕಿಯಾಯಿತು. ಕೊಟ್ಟರೆ ಸಾಹೇಬರ ಬಲಗಣ್ಣಿನ ಲೆಕ್ಕ ನನ್ನ ತಲೆಗೆ. ಕೊಡದಿದ್ದರೆ ಅವರ ಎಡಗಣ್ಣಿಗೆ ಬುಧವಾರ, ಭಾಮೈದನ ಕೆಲಸಕ್ಕೆ ಸೋಮವಾರ. ಹೊರಗೆ ಬೆಂಚಿನ ಮೇಲೆ ಭಾಮೈದ ಅಕ್ಕನ ಕೈ ಹಿಡಿದು ಕೂತಿದ್ದ. ಪರದೆ ಸರಿಹೋಗಿದ್ದನ್ನು ಕಣ್ಣಾರೆ ನೋಡಿದ್ದರೂ, ಮೊಹರು ಮೊಹರೇ ಅಲ್ಲವೇ ಎಂಬ ಹೆದರಿಕೆ ಅವನಿಗೆ. ನಾನು ಪತ್ರ ತೆಗೆದು ಕೊಟ್ಟೆ.

ಸಾಹೇಬರು ನಿಂತಲ್ಲೇ ಓದಿದರು. ಎರಡು ಸಲ ಓದಿದರು.

"ಇಪ್ಪತ್ತಮೂರು ದಿನ ಮಸುಕಿತ್ತಾ?"

"ಹೌದು ಸರ್."

"ಉದ್ಘಾಟನೆ ದಿನಾನೂ?"

"ಉದ್ಘಾಟನೆ ದಿನಾನೂ ಸರ್."

ಸಾಹೇಬರು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು. ಆಪರೇಷನ್ ಆಗದ ಎಡಗಣ್ಣಿನಿಂದ ಪರದೆ ಓದತೊಡಗಿದರು. ಒಂದನೆಯ ಸಾಲು ಓದಿದರು, ಎರಡನೆಯದು ಓದಿದರು. ಸಾಲು ಸಣ್ಣದಾಗುತ್ತಾ ಹೋದಂತೆ ಅವರ ದನಿಯೂ ಸಣ್ಣದಾಗುತ್ತಾ ಹೋಯಿತು. ಆರನೆಯ ಸಾಲನ್ನು ಒಂದಕ್ಷರ ತಪ್ಪಿಲ್ಲದೆ, ಯಾರಿಗೂ ಕೇಳಿಸದ ಹಾಗೆ ಓದಿ ಮುಗಿಸಿದರು. ಆಮೇಲೆ ಫೋನ್ ತೆಗೆದು ಆಸ್ಪತ್ರೆಗೆ, "ಬುಧವಾರದ್ದು ಬೇಡ" ಎಂದಷ್ಟೇ ಹೇಳಿದರು.

"ಮೂರು ವಾರ ಅದರ ಕೆಳಗೇ ಕೂತಿದ್ರಿ. ಒಂದು ಸಲನಾದ್ರೂ ತಿರುಗಿ ನೋಡ್ಲಿಲ್ವೇನ್ರೀ?"

"ನೋಡಿದ್ದೆ ಸರ್. ಆದ್ರೆ ನೀವು ಬಹಳ ಸ್ಪಷ್ಟವಾಗಿದೆ ಅಂದುಬಿಟ್ರಿ."

ಸಾಹೇಬರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಬೈಯುತ್ತಾರೆಂದು ಕಾದೆ. ಅವರು ಪೆನ್ನು ತೆಗೆದು, ಪತ್ರದ ಕೊನೆಯಲ್ಲಿದ್ದ "ತಪ್ಪು ನನ್ನದು" ಎಂಬುದನ್ನು ಹೊಡೆದುಹಾಕಿ "ತಪ್ಪು ಕಚೇರಿಯದು" ಎಂದು ಬರೆದು ಸಹಿ ಮಾಡಿದರು. ಪತ್ರ ನನ್ನ ಕೈಗಿಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ತಮ್ಮ ಕೋಣೆಗೆ ಹೋದರು.

ಭಾಮೈದನನ್ನು ಒಳಗೆ ಕರೆದೆ. ಅವನು ಗೋಡೆ ಹಿಡಿದುಕೊಂಡೇ ಬಂದು ಗೆರೆಯ ಹಿಂದೆ ನಿಂತ. ಎಡಗಣ್ಣು ಮುಚ್ಚಿ ಓದಿದ, ಬಲಗಣ್ಣು ಮುಚ್ಚಿ ಓದಿದ. ಕೊನೆಯ ಸಾಲು ಮುಗಿಸಿ, "ಭಾವ, ಅಂದ್ರೆ ನನ್ನ ಕಣ್ಣು ಮೊದಲಿಂದಾನೂ ಚೆನ್ನಾಗೇ ಇತ್ತಾ?" ಎಂದ. ಚೆನ್ನಾಗಿತ್ತಪ್ಪ ಎಂದೆ. ಮೂವತ್ತು ವರ್ಷದ ಗಂಡಸು ಮಕ್ಕಳ ಹಾಗೆ ಅತ್ತುಬಿಟ್ಟ. ನನ್ನವಳು ಸೆರಗಿನಿಂದ ಅವನ ಕಣ್ಣೊರೆಸಿ, ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಊಟದ ಸೂಚನೆಯೇನೂ ಇರಲಿಲ್ಲ. ಅವಳು ಕೋಪ ಇಟ್ಟುಕೊಂಡದ್ದು ನ್ಯಾಯವೇ ಆಗಿತ್ತು. ನಾನು ನನ್ನ ಕೈಯಾರೆ ಪಾಸಿನ ಮೊಹರು ಒತ್ತಿದೆ.

ಸಂಜೆ ಅವನು ಮಾಲೀಕರಿಗೆ ಲೈಸೆನ್ಸ್ ತೋರಿಸಿ, ಬಸ್ಸನ್ನೇ ಕಚೇರಿಯ ಮುಂದೆ ತಂದು ನಿಲ್ಲಿಸಿದ. ಅಕ್ಕ ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಜಾಗವಿದ್ದರೂ ಬಾ ಎನ್ನಲಿಲ್ಲ. ನಾನು ಅವಳ ಹಿಂದಿನ ಸೀಟಿನಲ್ಲಿ, ಮಕ್ಕಳ ಅಳತೆಯ ಸೀಟಾದ್ದರಿಂದ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತೆ. ಬಸ್ಸು ಹೊರಟಿತು. ತಿರುವು ದಾಟಿದ್ದೇ ತಡ, ಭಾಮೈದ ದೂರದ ಒಂದು ಬೋರ್ಡನ್ನು ನೋಡಿ ಗಟ್ಟಿಯಾಗಿ ಓದಿದ.

"ಇಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ!"

ಓದಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅವನಿಗೆ ಏನೋ ಬೇಕಿತ್ತು. ನನಗೆ ಆ ಬೋರ್ಡು ಇನ್ನೂ ಕಂಡಿರಲಿಲ್ಲ. ಬಸ್ಸು ಹತ್ತಿರ ಹೋಗುವವರೆಗೆ ಕಾದು, ಕಿಟಕಿಯಿಂದ ಕತ್ತು ಹೊರಗೆ ಹಾಕಿ ಚೆನ್ನಾಗಿ ತಿರುಗಿ ನೋಡಿದೆ.

"ಸರಿ," ಎಂದೆ.

"ಮುನ್ನೂರು ಅಡಿ ಮುಂದೆ ಶಾಲೆ ಇದೆ, ನಿಧಾನ!"

"ಸರಿ."

"ಹಲ್ಲಿನ ವೈದ್ಯರು, ಮೊದಲನೇ ಮಹಡಿ, ಭಾನುವಾರ ರಜ!"

ಅದಕ್ಕೂ ತಿರುಗಿ ನೋಡಿ "ಸರಿ" ಎಂದೆ. ಮನೆ ಬರುವವರೆಗೆ ಅವನು ಒಂದು ಬೋರ್ಡನ್ನೂ ಬಿಡಲಿಲ್ಲ. ನಾನೂ ಬಿಡಲಿಲ್ಲ.